ಹನ್ನೆರಡು ತಂತಿಯ ಗಿಟಾರ್ ಕೊಂಡಿದ್ದೇನೆ, ಶ್ರುತಿ ನಿಲ್ಲುತ್ತಿಲ್ಲ. ಇದನ್ನು ಒಗ್ಗಿಸಿಕೊಳ್ಳುವುದು ಹೇಗೆ?

ಆರು ತಂತಿಯ ಗಿಟಾರನ್ನು ವರ್ಷಗಳಿಂದ ನುಡಿಸುತ್ತಿರುವ ನೀವು ಈಗ ಹನ್ನೆರಡು ತಂತಿಯದನ್ನು ಶಿವಮೊಗ್ಗದ ಮನೆಗೆ ತಂದಿದ್ದೀರಿ. ಕೊನೆಯ ತಂತಿ ಶ್ರುತಿಗೆ ಬರುವಷ್ಟರಲ್ಲಿ ಮೊದಲನೆಯದು ಇಳಿದಿರುತ್ತದೆ, ಒಂದು ಸಣ್ಣ ತಂತಿ ಪದೇ ಪದೇ ಹರಿಯುತ್ತಿದೆ, ಬೆರಳ ತುದಿ ಉರಿಯುತ್ತಿದೆ, ಮೇಲೆ ಮಳೆಗಾಲ ಬೇರೆ. ವಾದ್ಯವೇ ಸರಿಯಿಲ್ಲವೇ, ಹಿಂದಿರುಗಿಸಲೇ ಎಂದು ಕೇಳಿದ್ದೀರಿ. ಹಿಂದಿರುಗಿಸಬೇಡಿ. ನೀವು ಹೇಳಿದ್ದರಲ್ಲಿ ವಾದ್ಯದ ದೋಷ ಎನ್ನುವಂಥದ್ದು ಒಂದೂ ನನಗೆ ಕಾಣಲಿಲ್ಲ.

ನಾನು ತೀರ್ಥಹಳ್ಳಿ ಕಡೆಯವನು. ನನ್ನ ಬಳಿ ಇರುವ ಹನ್ನೆರಡು ತಂತಿಯ ಗಿಟಾರು ನಮ್ಮ ಮಳೆಯನ್ನು ಹಲವು ಸಲ ಕಂಡು ಈಗಲೂ ಚೆನ್ನಾಗಿ ನುಡಿಯುತ್ತಿದೆ. ಆ ಧೈರ್ಯದ ಮೇಲೆ ಒಂದು ಮಾತು ಹೇಳುತ್ತೇನೆ: ಈ ವಾದ್ಯದ ಶ್ರುತಿಯನ್ನು ಕಲಿಯುವುದೇ ಈ ವಾದ್ಯವನ್ನು ಕಲಿಯುವುದು. ಮೊದಲ ಒಂದೆರಡು ತಿಂಗಳು ದಿನದ ಅಭ್ಯಾಸದ ಅರ್ಧ ಭಾಗವನ್ನು ಶ್ರುತಿಗೇ ಕೊಡಿ. ಅದು ಹಾಡಿಗೆ ಮುಂಚಿನ ತೊಂದರೆ ಎಂದುಕೊಂಡರೆ ಪ್ರತಿದಿನ ಬೇಸರವಾಗುತ್ತದೆ. ಅದೇ ಅಂದಿನ ಪಾಠ ಎಂದುಕೊಂಡರೆ ಕಿವಿ ಎಷ್ಟು ಬೇಗ ಚುರುಕಾಗುತ್ತದೆ ನೋಡಿ.

ಆದರೆ ಅದಕ್ಕೂ ಮೊದಲು ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಎಲ್ಲ ತಂತಿಗಳನ್ನೂ ಎರಡು ಫ್ರೆಟ್‌ನಷ್ಟು (ಫ್ರೆಟ್ ಎಂದರೆ ಕುತ್ತಿಗೆಗೆ ಅಡ್ಡವಾಗಿ ಕೂರಿಸಿದ ಲೋಹದ ಪಟ್ಟಿ) ಕೆಳಗಿಳಿಸಿ. ಅಂದರೆ ಇ, ಎ, ಡಿ, ಜಿ, ಬಿ, ಇ ಬದಲು ಡಿ, ಜಿ, ಸಿ, ಎಫ್, ಎ, ಡಿ. ಹಾಡುಗಾರರ ಜೊತೆ ನುಡಿಸುವಾಗ ಎಂದಿನ ಶ್ರುತಿ ಬೇಕೆನಿಸಿದರೆ ಎರಡನೆಯ ಫ್ರೆಟ್ಟಿಗೆ ಕೇಪೋ, ಅಂದರೆ ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಹಿಡಿಕೆ, ಹಾಕಿದರಾಯಿತು. ಕೇಪೋ ಮಾತ್ರ ಹನ್ನೆರಡು ತಂತಿಯನ್ನೂ ಒತ್ತಿ ಹಿಡಿಯುವಷ್ಟು ಗಟ್ಟಿಯಾಗಿರಬೇಕು. ಸಡಿಲ ಸ್ಪ್ರಿಂಗಿನದು ದಪ್ಪ ತಂತಿಯ ಪಕ್ಕದ ತೆಳು ತಂತಿಯನ್ನು ಸರಿಯಾಗಿ ಒತ್ತುವುದೇ ಇಲ್ಲ, ಅದು ಜುಂಯ್ ಎನ್ನುತ್ತದೆ.

ಇಳಿಸುವುದೇಕೆ ಎಂದರೆ, ಆರು ತಂತಿಯ ಗಿಟಾರಿನಲ್ಲಿ ಸಾಮಾನ್ಯ ತಂತಿಗಳೆಲ್ಲ ಸೇರಿ ಬ್ರಿಡ್ಜನ್ನು (ಮೇಲಿನ ಹಲಗೆಗೆ ಅಂಟಿಸಿದ, ತಂತಿಗಳನ್ನು ಸಿಕ್ಕಿಸುವ ಮರದ ತುಂಡು) ಎಳೆಯುವ ಬಲ ಸುಮಾರು 70ರಿಂದ 75 ಕೆ.ಜಿ. ತೂಕದಷ್ಟಿರುತ್ತದೆ. ಹನ್ನೆರಡು ತಂತಿಯದರಲ್ಲಿ, ತೆಳು ತಂತಿಗಳನ್ನೇ ಹಾಕಿದ್ದರೂ, ಅದು 110 ಕೆ.ಜಿ. ಸುತ್ತಮುತ್ತ ಬರುತ್ತದೆ. ತಂತಿಯ ಬಿಗಿತ ಸ್ವರದ ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣವಾಗಿ ಏರಿಳಿಯುವುದರಿಂದ, ಎರಡು ಫ್ರೆಟ್ ಇಳಿಸಿದರೆ ಎಳೆತ ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಮರಕ್ಕೂ ನಿಮ್ಮ ಬೆರಳಿಗೂ ಒಟ್ಟಿಗೇ ನಿರಾಳ. ಇದೇನೂ ಹೊಸ ಉಪಾಯವಲ್ಲ. ಹನ್ನೆರಡು ತಂತಿಯ ಗಿಟಾರಿಗೆ ದೊಡ್ಡ ಹೆಸರು ತಂದ ಅಮೆರಿಕದ ಜಾನಪದ ಗಾಯಕ ಲೆಡ್ ಬೆಲ್ಲಿ ಇದಕ್ಕಿಂತಲೂ ಕೆಳಗೆ ಇಳಿಸಿಕೊಂಡೇ ನುಡಿಸುತ್ತಿದ್ದರು. ಅವರ ಗಿಟಾರಿನ ಆ ಗಂಭೀರ ನಾದಕ್ಕೆ ಅದೂ ಒಂದು ಕಾರಣ.

ನಿಮ್ಮಲ್ಲಿ ಹರಿಯುತ್ತಿರುವ ತಂತಿ ಯಾವುದೆಂದು ನೀವು ಬರೆದಿಲ್ಲ, ಆದರೂ ಅದು ಮೂರನೆಯ ಜೋಡಿಯ ತೆಳು ತಂತಿ ಎಂದು ಊಹಿಸಬಲ್ಲೆ. ಈ ವಾದ್ಯದಲ್ಲಿ ದಪ್ಪ ತಂತಿಗಳ ಕಡೆಯ ನಾಲ್ಕು ಜೋಡಿಗಳಲ್ಲಿ ಪ್ರತಿ ತಂತಿಯ ಪಕ್ಕಕ್ಕೂ ಒಂದು ಸ್ಥಾಯಿ ಮೇಲಿನ ತೆಳು ತಂತಿ ಇರುತ್ತದೆ. ಉಳಿದ ಬಿ ಮತ್ತು ಇ ಜೋಡಿಗಳಲ್ಲಿ ಎರಡೂ ತಂತಿ ಒಂದೇ ಸ್ವರ. ಹಾಗಾಗಿ ಇಡೀ ವಾದ್ಯದಲ್ಲಿ ಅತಿ ಎತ್ತರದ ಸ್ವರ ಇರುವುದು ನೀವು ಅಂದುಕೊಂಡಂತೆ ಕೊನೆಯ ಇ ತಂತಿಯಲ್ಲಲ್ಲ, ನಡುವೆ ಇರುವ ಜಿ ಜೋಡಿಯ ತೆಳು ತಂತಿಯಲ್ಲಿ. ಕೊನೆಯ ಇ ಸೆಕೆಂಡಿಗೆ ಸುಮಾರು 330 ಸಲ ಕಂಪಿಸಿದರೆ ಇದು 392 ಸಲ ಕಂಪಿಸಬೇಕು. ದಪ್ಪ ನೋಡಿದರೆ 0.008 ಇಂಚು, ಅಂದರೆ 0.2 ಮಿ.ಮೀ. ಅದು ತನ್ನ ಶಕ್ತಿಯ ಅಂಚಿನಲ್ಲೇ ನಿಂತಿರುತ್ತದೆ. ಇನ್ನೂ ದಪ್ಪದ ತಂತಿ ಹಾಕಿದರೆ ಉಳಿದೀತು ಎಂದು ಅಂಗಡಿಯವರು ಹೇಳಬಹುದು. ಉಳಿಯುವುದಿಲ್ಲ. ದಪ್ಪವಾದಷ್ಟೂ ಅದೇ ಸ್ವರಕ್ಕೆ ಅಷ್ಟೇ ಹೆಚ್ಚು ಎಳೆಯಬೇಕಾಗುತ್ತದೆ, ಕೊನೆಗೆ ಲೆಕ್ಕ ಅಲ್ಲಿಂದಲ್ಲಿಗೇ ಬರುತ್ತದೆ. ಸ್ವರ ಇಳಿಸಿದರೆ ಮಾತ್ರ ಅದಕ್ಕೆ ಜೀವ ಉಳಿಯುತ್ತದೆ. ಇಳಿಸಿದ ಮೇಲೂ ಹರಿದರೆ, ಹರಿದ ಜಾಗ ನೋಡಿ. ಪ್ರತಿ ಸಲ ನಟ್ಟಿನ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಹಾಯುವ ಗೀರುಗಳಿರುವ ಪಟ್ಟಿ) ಹತ್ತಿರವೇ ಹರಿಯುತ್ತಿದ್ದರೆ ಅಲ್ಲಿಯ ಗೀರು ಇಕ್ಕಟ್ಟಾಗಿದೆ. ತಂತಿ ಸುತ್ತುವ ಕಡ್ಡಿಯ ಹತ್ತಿರವಾದರೆ ತೂತಿನ ಅಂಚು ಚೂಪಾಗಿದೆ. ಎರಡೂ ರಿಪೇರಿ ಮಾಡುವವರಿಗೆ ಸಣ್ಣ ಕೆಲಸ.

ಇನ್ನು ಶ್ರುತಿ. ಸ್ವರ ತೋರಿಸುವ ಕ್ಲಿಪ್ ಟ್ಯೂನರನ್ನು ಗಿಟಾರಿನ ತಲೆಗೆ ಸಿಕ್ಕಿಸಿ, ಮೊದಲು ಆರು ಮುಖ್ಯ ತಂತಿಗಳನ್ನಷ್ಟೇ, ನಿಮ್ಮ ಹಳೆಯ ಗಿಟಾರಿನಂತೆಯೇ, ಶ್ರುತಿ ಮಾಡಿಕೊಳ್ಳಿ. ಜೋಡಿಯ ಇನ್ನೊಂದು ತಂತಿಯ ಮೇಲೆ ಬೆರಳಿಟ್ಟು ಸುಮ್ಮನಾಗಿಸಿರಬೇಕು. ಎರಡೂ ನುಡಿದರೆ ಟ್ಯೂನರಿನ ಮುಳ್ಳು ಎಲ್ಲೂ ನಿಲ್ಲುವುದಿಲ್ಲ. ಆರೂ ಆದ ಮೇಲೆ ಉಳಿದ ಆರನ್ನು ಏರಿಸಿ. ಅವು ಬಿಗಿಯಾದಂತೆ ಮೇಲಿನ ಹಲಗೆ ಮತ್ತು ಕುತ್ತಿಗೆ ಕೂದಲೆಳೆಯಷ್ಟು ಬಾಗುತ್ತವೆ, ಮೊದಲು ಕೂರಿಸಿದ ತಂತಿಗಳು ಇಳಿಯುತ್ತವೆ. ನೀವು ದೂರಿದ್ದು ಇದನ್ನೇ. ಎರಡನೆಯ ಸುತ್ತು ಬಂದೇ ಬರುತ್ತದೆ, ತಂತಿ ಹೊಸದಾಗಿದ್ದರೆ ಮೂರನೆಯದೂ. ಯಾವ ತಂತಿಯನ್ನೂ ಮೇಲಿನಿಂದ ಇಳಿಸಿ ಸ್ವರಕ್ಕೆ ನಿಲ್ಲಿಸಬೇಡಿ. ಸ್ವಲ್ಪ ಹೆಚ್ಚೇ ಇಳಿಸಿ, ಕೆಳಗಿನಿಂದ ಏರಿಸಿಕೊಂಡು ಬಂದು ನಿಲ್ಲಿಸಿ. ಹಾಗೆ ಮಾಡಿದರೆ ಬಿರಡೆಯ ಹಲ್ಲುಗಳಲ್ಲಿ ಸಡಿಲ ಉಳಿಯುವುದಿಲ್ಲ.

ಇಷ್ಟು ಯಂತ್ರದ ಕೆಲಸ. ಜೋಡಿಯನ್ನು ಕೊನೆಯದಾಗಿ ಕೂಡಿಸುವುದು ಕಿವಿಯ ಕೆಲಸ, ಅದನ್ನು ಟ್ಯೂನರಿಗೆ ಬಿಡಬೇಡಿ. ಕೊನೆಯ ಎರಡು ತಂತಿಗಳನ್ನು ತೆಗೆದುಕೊಳ್ಳಿ. ಒಂದು ಸೆಕೆಂಡಿಗೆ 294 ಸಲ, ಇನ್ನೊಂದು 297 ಸಲ ಕಂಪಿಸುತ್ತಿದ್ದರೆ ನಾದ ಸೆಕೆಂಡಿಗೆ ಮೂರು ಸಲ ಏರಿ ಇಳಿಯುತ್ತದೆ: ವವ್ವವ್ವವ್ ಎಂದು. ಒಂದರ ಬಿರಡೆಯನ್ನು ಮೆಲ್ಲಗೆ ತಿರುಗಿಸುತ್ತಾ ಹೋಗಿ. ಅಲೆ ಎರಡಾಗುತ್ತದೆ, ಒಂದಾಗುತ್ತದೆ, ಆಮೇಲೆ ಉದ್ದಕ್ಕೆ ಎಳೆದು ಮಲಗಿಬಿಡುತ್ತದೆ. ಆ ಗಳಿಗೆಯಲ್ಲಿ ಎರಡು ತಂತಿ ಇದೆ ಎನ್ನುವುದೇ ಕಿವಿಗೆ ತಿಳಿಯುವುದಿಲ್ಲ. ಇನ್ನೊಂದು ಚೂರು ತಿರುಗಿಸಿದರೆ ಅಲೆ ಮತ್ತೆ ಏಳುತ್ತದೆ, ಆಗ ಸ್ವರ ದಾಟಿ ಹೋದಿರಿ ಎಂದರ್ಥ.

ತಂಬೂರಿ ಶ್ರುತಿ ಮಾಡುವವರ ಪಕ್ಕದಲ್ಲಿ ಕೂತವರಿಗೆ ಇದು ಹೊಸತಲ್ಲ. ಅದರ ನಡುವಿನ ತಂತಿಗಳಾದ ಸಾರಣಿ, ಅನುಸಾರಣಿ ಎರಡೂ ಒಂದೇ ಷಡ್ಜ. ಅವನ್ನು ಒಂದಾಗಿಸಲು ಹಿರಿಯರು ಬಿರಡೆ ತಿರುಗಿಸಿ, ಆಮೇಲೆ ಮಣಿ ಸರಿಸಿ, ಕಣ್ಣು ಮುಚ್ಚಿ ಕೇಳುತ್ತಾರೆ. ಗಿಟಾರಿನಲ್ಲಿ ಮಣಿ ಇಲ್ಲ, ಆದರೆ ಕೇಳುವ ಕ್ರಮ ಅದೇ. ಶಿವಮೊಗ್ಗದಲ್ಲಿದ್ದೀರಿ, ಸಂಗೀತ ಪಾಠದ ಮನೆಗಳಿಗೇನೂ ಕೊರತೆಯಿಲ್ಲ, ಪಕ್ಕದಲ್ಲೇ ಗಮಕಕ್ಕೆ ಹೆಸರಾದ ಹೊಸಹಳ್ಳಿ ಇದೆ. ಯಾರಾದರೂ ಹಿರಿಯರು ತಂಬೂರಿ ಕೂಡಿಸುವಾಗ ಒಂದು ಸಂಜೆ ಪಕ್ಕದಲ್ಲಿ ಕೂತು ಬನ್ನಿ. ಗಿಟಾರಿನ ವಿಡಿಯೋಗಳಲ್ಲಿ ಸಿಗದ್ದು ಅಲ್ಲಿ ಸಿಗುತ್ತದೆ ಎಂದು ನಾನು ಖಚಿತವಾಗಿ ಹೇಳಬಲ್ಲೆ.

ಬೆರಳಿನ ಉರಿಗೆ ಅರ್ಧ ಕಾರಣ ಬಿಗಿತ, ಅದು ಇಳಿಸಿದ ಕೂಡಲೇ ಹೋಗುತ್ತದೆ. ಇನ್ನರ್ಧ ನಿಮ್ಮ ಹಳೆಯ ಒತ್ತು. ದಪ್ಪ ತಂತಿಯ ಪಕ್ಕದಲ್ಲೇ ತೆಳುವಾದದ್ದು ಇರುವಾಗ ಬೆರಳ ತುದಿಯಲ್ಲಿ ಎರಡು ಗೀರು ಬೀಳುತ್ತವೆ, ಒಂದು ಅಗಲ, ಒಂದು ದಾರದಷ್ಟು. ಬಲವಾಗಿ ಒತ್ತಿದರೆ ಆ ತೆಳು ತಂತಿ ಫ್ರೆಟ್ಟಿನ ಮೇಲೆ ಬಾಗಿ ಸ್ವರ ಏರುತ್ತದೆ, ಪಕ್ಕದ ದಪ್ಪ ತಂತಿ ಅಷ್ಟು ಏರುವುದಿಲ್ಲ. ಬಿಟ್ಟ ತಂತಿಯಲ್ಲಿ ಶುದ್ಧವಾಗಿದ್ದ ಜೋಡಿ ಕಾರ್ಡ್ ಹಿಡಿದ ಕೂಡಲೇ ಅಪಸ್ವರವಾಗುವುದು ಹೀಗೆ. ಫ್ರೆಟ್ಟಿಗೆ ಆದಷ್ಟು ಹತ್ತಿರ ಬೆರಳಿಟ್ಟು, ನಾದ ಬರುವಷ್ಟೇ ಒತ್ತಿ. ಕುತ್ತಿಗೆ ಅಗಲವೆನಿಸುವುದು ಸಹಜ, ನಟ್ಟಿನ ಬಳಿ 47-48 ಮಿ.ಮೀ. ಇರುತ್ತದೆ, ಆರು ತಂತಿಯದರಲ್ಲಿ 43-44. ಹೆಬ್ಬೆರಳನ್ನು ಕುತ್ತಿಗೆಯ ಹಿಂಬದಿಯ ನಡುವಿಗೆ ತನ್ನಿ.

ನುಡಿಸುವಾಗ ಕಡಿಮೆ ನುಡಿಸಿ. ಆರು ತಂತಿಯದರ ಮೇಲೆ ಬಾರಿಸುವಂತೆ ಇಲ್ಲಿ ಎಡೆಬಿಡದೆ ಬಾರಿಸಿದರೆ ನಾದಗಳೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಭಾವಗೀತೆಗೆ ಜೊತೆಗೊಡುವಾಗ ನಾನು ಸಾಲಿನ ಆರಂಭದಲ್ಲಿ ಕಾರ್ಡನ್ನು ಒಮ್ಮೆ ನಿಧಾನವಾಗಿ ಬಿಡಿಸಿ, ಹಾಡುವವರು ಉಸಿರು ತೆಗೆದುಕೊಳ್ಳುವವರೆಗೂ ಅದನ್ನು ಹಾಗೇ ನುಡಿಯಲು ಬಿಡುತ್ತೇನೆ. ಬಿಟ್ಟ ತಂತಿಗಳಿರುವ ಕಾರ್ಡುಗಳನ್ನೇ ಆರಿಸಿಕೊಳ್ಳಿ. ಸಾಮಾನ್ಯವಾಗಿ ಜೋಡಿಯ ತೆಳು ತಂತಿ ನುಡಿಸುವವರ ಮುಖದ ಕಡೆಗಿರುತ್ತದೆ, ಆದ್ದರಿಂದ ಕೆಳಮುಖವಾಗಿ ಮೀಟಿದರೆ ಮೇಲಿನ ಸ್ಥಾಯಿ ಮೊದಲು ಮಿನುಗುತ್ತದೆ, ಮೇಲ್ಮುಖವಾಗಿ ಮೀಟಿದರೆ ದಪ್ಪ ಸ್ವರ ಮೊದಲು ಬರುತ್ತದೆ. ಒಂದೇ ಜೋಡಿಯನ್ನು ಎರಡೂ ಕಡೆಯಿಂದ ಮೀಟಿ ಕೇಳಿ. ಎರಡು ವಾದ್ಯಗಳಿದ್ದಂತೆ ಅನಿಸುತ್ತದೆ, ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದೇ.

ಹಿಂಬದಿ ರೋಸ್‌ವುಡ್ ಎಂದು ಬರೆದಿದೆ, ಅದು ನಮ್ಮ ಬೀಟೆಯೇ ಎಂದೂ ಕೇಳಿದ್ದೀರಿ. ಈಸ್ಟ್ ಇಂಡಿಯನ್ ರೋಸ್‌ವುಡ್ ಎಂದಿದ್ದರೆ ಹೌದು, ನಮ್ಮ ಕಾಡಿನ ಬೀಟೆಯ ಜಾತಿಯೇ. ಸಸ್ಯಶಾಸ್ತ್ರದ ಹೆಸರು ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ, 1969ರಲ್ಲಿ, ಅಮೆರಿಕದ ಮಾರ್ಟಿನ್ ಕಂಪನಿ ತನ್ನ ಗಿಟಾರುಗಳಿಗೆ ಈ ಮರಕ್ಕೆ ಬಂತು. ಅಂದಿನಿಂದ ಜಗತ್ತಿನ ಒಳ್ಳೆಯ ಗಿಟಾರುಗಳಲ್ಲಿ ಎಷ್ಟೋ ಬೀಟೆಯ ಬೆನ್ನಿನವು. ಹಳೆಯ ಮನೆಗಳ ಬಾಗಿಲು, ಮಂಚಗಳಲ್ಲಿ ಕಂಡ ಆ ಕಪ್ಪು ಗೆರೆಯ ಮರ ನಾದವನ್ನೂ ಕೊಡುತ್ತದೆ ಎನ್ನುವುದು ಮಲೆನಾಡಿನವನಾದ ನನಗೆ ಹೆಮ್ಮೆಯ ವಿಷಯ. ನಿಮ್ಮದು ತೆಳು ಪದರಗಳನ್ನು ಅಂಟಿಸಿದ ಬೆನ್ನಾಗಿದ್ದರೆ ಬೇಸರಪಡಬೇಡಿ. ನಮ್ಮ ತೇವಕ್ಕೆ ಅದು ಇಡೀ ಹಲಗೆಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ.

ತೇವದ ಮಾತು ಬಂದದ್ದರಿಂದ ಮಳೆಗಾಲಕ್ಕೆ ಬರುತ್ತೇನೆ. ಗಿಟಾರಿಗೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ಆಗುಂಬೆಯಂಥ ಕಡೆ ವರ್ಷಕ್ಕೆ ಏಳು ಸಾವಿರ ಮಿ.ಮೀ. ಆಸುಪಾಸು ಮಳೆ. ಶಿವಮೊಗ್ಗ ಪೇಟೆಯಲ್ಲಿ ಅಷ್ಟಿಲ್ಲದಿದ್ದರೂ ಜುಲೈ ತಿಂಗಳ ಗಾಳಿ ಒದ್ದೆಯೇ. ಮರ ತೇವ ಹೀರಿ ಉಬ್ಬುತ್ತದೆ, ಬ್ರಿಡ್ಜಿನ ಹಿಂದೆ ಹೊಟ್ಟೆ ಬರುತ್ತದೆ, ತಂತಿಗಳು ಫ್ರೆಟ್ಟಿನಿಂದ ಮೇಲೇಳುತ್ತವೆ. ಬೇಸಿಗೆಯಲ್ಲಿ ಇದು ತಿರುಗುಮುರುಗು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿಟಾರನ್ನು ಗೋಡೆಗೆ ನೇತುಹಾಕಬೇಡಿ, ಹೊರಗೋಡೆಗಂತೂ ಬೇಡವೇ ಬೇಡ. ಗಟ್ಟಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿಡಿ. ಹರಳುಗಳು ಬಣ್ಣ ಬದಲಿಸಿದಾಗ ಅವನ್ನು ಬಿಸಿ ಮಾಡಿ ತೇವ ತೆಗೆದು ಮತ್ತೆ ಬಳಸಬಹುದು. ಪೆಟ್ಟಿಗೆಯೊಳಗೆ ಪುಟ್ಟ ತೇವಾಂಶ ಮಾಪಕ ಇಟ್ಟರೆ ಊಹೆಗೆ ಕೆಲಸವಿರುವುದಿಲ್ಲ. ಚರ್ಮದ ಪಟ್ಟಿಯನ್ನು ಹೊರಗಿಡಿ, ಮೊದಲು ಬೂಷ್ಟು ಹಿಡಿಯುವುದು ಅದಕ್ಕೇ. ನುಡಿಸಿ ಮುಗಿದ ಮೇಲೆ ಒಣ ಬಟ್ಟೆಯಿಂದ ತಂತಿಗಳನ್ನು ಒಂದೊಂದು ಜೋಡಿಯಾಗಿ ಒರೆಸಿ. ಲೇಪನವಿರುವ ತಂತಿಗಳಿಗೆ ಬೆಲೆ ಹೆಚ್ಚು, ಆದರೆ ನಮ್ಮಲ್ಲಿ ಅವು ತುಕ್ಕು ಹಿಡಿಯದೆ ಎಷ್ಟೋ ಹೆಚ್ಚು ದಿನ ಬಾಳುತ್ತವೆ, ನಾನು ಅವನ್ನೇ ಹಾಕುತ್ತೇನೆ. ಒಂದು ಎಚ್ಚರಿಕೆ: ಒದ್ದೆಯಾಯಿತೆಂದು ಗಿಟಾರನ್ನು ಒಲೆಯ ಮೇಲಿನ ಅಟ್ಟದಲ್ಲೋ ಅಡಿಕೆ ಒಣಗಿಸುವ ಕಡೆಯಲ್ಲೋ ಬಿಸಿಲಿನಲ್ಲೋ ಇಡಬೇಡಿ. ಆ ಶಾಖಕ್ಕೆ ಅಂಟು ಮೆತ್ತಗಾದರೆ, ಹನ್ನೆರಡು ತಂತಿಯ ಎಳೆತ ಬ್ರಿಡ್ಜನ್ನೇ ಎಬ್ಬಿಸಿಬಿಡುತ್ತದೆ.

ತಂತಿ ಬದಲಿಸುವಾಗ ಎಲ್ಲವನ್ನೂ ಒಟ್ಟಿಗೆ ಬಿಚ್ಚದೆ ಜೋಡಿ ಜೋಡಿಯಾಗಿ ಬದಲಿಸಿ. ಕುತ್ತಿಗೆಯ ಮೇಲಿನ ಎಳೆತ ಒಮ್ಮೆಲೇ ಹೋಗಿಬರುವುದಿಲ್ಲ, ಯಾವ ತಂತಿ ಯಾವ ಬಿರಡೆಗೆ ಎಂಬ ಗೊಂದಲವೂ ಇರುವುದಿಲ್ಲ. ಆ 0.008ರ ಬಿಡಿ ತಂತಿಗಳನ್ನು ಊರಿನ ಅಂಗಡಿಯಲ್ಲಿ ಸಿಕ್ಕಾಗ ನಾಲ್ಕಾರು ಹೆಚ್ಚಿಗೆ ಕೊಂಡಿಡಿ.

ಮಳೆ ಹೊಳವಾದ ಮೇಲೆ, ಅಕ್ಟೋಬರ್‌ನಲ್ಲಿ, ಬ್ರಿಡ್ಜಿನ ಹಿಂದಿನ ಅಂಚಿಗೆ ಒಂದು ತೆಳು ಕಾಗದ ತಾಗಿಸಿ ನೋಡಿ. ಒಳಗೆ ಜಾರದಿದ್ದರೆ ಚಿಂತೆಯಿಲ್ಲ. ಸ್ವಲ್ಪವಾದರೂ ಜಾರಿದರೆ ಅಂದೇ ಹನ್ನೆರಡು ತಂತಿಯನ್ನೂ ಸಡಿಲಿಸಿ ರಿಪೇರಿಗೆ ಒಯ್ಯಿರಿ. ಆರಂಭದಲ್ಲೇ ಅಂಟಿಸಿದರೆ ಅದು ದೊಡ್ಡ ಕೆಲಸವಲ್ಲ.