ಮಿಷಿಗನ್‌ನ ಚಳಿಗಾಲ ಕಳೆದ ಮೇಲೆ ಕಾರಿಗೆ ಮೊದಲು ಏನು ಮಾಡಬೇಕು?

ಹುಬ್ಬಳ್ಳಿಯಿಂದ ಬಂದು ಅಮೆರಿಕದ ಮಿಷಿಗನ್‌ನಲ್ಲಿ ಮೊದಲ ಚಳಿಗಾಲ ಮುಗಿಸಿದ್ದೀರಿ. ಹಳೇ ಕಾರು ಕೊಂಡಿದ್ದೀರಿ. ಈಗ ಸರ್ವಿಸ್‌ನವರು ‘ಸ್ಪ್ರಿಂಗ್ ಪ್ಯಾಕೇಜ್’ (ವಸಂತ ಬಂತೆಂದು ಒಟ್ಟಿಗೆ ಮಾಡುವ ಸರ್ವಿಸ್ ಕೆಲಸಗಳು) ಮಾಡಿಸಿ ಅಂತ ದುಂಬಾಲು ಬಿದ್ದಿದ್ದಾರೆ. ಅದೆಲ್ಲ ಬೇಕಾ, ಮೊದಲು ಏನು ಮಾಡಬೇಕು ಎಂದು ಕೇಳಿದ್ದೀರಿ. ನಾನೂ ಡೆಟ್ರಾಯಿಟ್ ಪಕ್ಕದಲ್ಲೇ ಇರುವವನು, ಕಾರಿನ ಕೆಲಸ ಆದಷ್ಟು ಕೈಯಾರೆ ಮಾಡಿಕೊಳ್ಳುತ್ತೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲ ಕೆಲಸ ಕಾರಿನ ಅಡಿಭಾಗ ತೊಳೆಸುವುದು. ಉಳಿದದ್ದು ಒಂದೆರಡು ವಾರ ತಡವಾದರೂ ನಡೆಯುತ್ತದೆ, ಇದನ್ನು ಮುಂದೂಡಬೇಡಿ.

ಚಳಿಗಾಲವಿಡೀ ಇಲ್ಲಿನ ರಸ್ತೆಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ನಗರದ ಕೆಳಗೇ, ಸಾವಿರ ಅಡಿಗೂ ಆಳದಲ್ಲಿ, ಉಪ್ಪಿನ ಗಣಿ ಇದೆ. ಅಲ್ಲಿ ತೆಗೆಯುವ ಕಲ್ಲುಪ್ಪು ರಸ್ತೆಗೇ ಹೋಗುತ್ತದೆ. ಚಳಿ ತುಂಬಾ ಜಾಸ್ತಿಯಾದಾಗ ಬರೀ ಉಪ್ಪು ಕೆಲಸ ಮಾಡುವುದಿಲ್ಲ. ಆಗ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಬೆರೆಸಿದ ದ್ರಾವಣ ಹಾಕುವುದೂ ಉಂಟು. ಇದೆಲ್ಲ ಚಕ್ರದಿಂದ ಸಿಡಿದು ಕಾರಿನ ಅಡಿ ಮೂಲೆಮೂಲೆಯಲ್ಲೂ ಅಂಟಿಕೊಂಡಿರುತ್ತದೆ.

‘ಚಳಿಗಾಲ ಮುಗೀತಲ್ಲ, ಇನ್ನೇನು ಹೆದರಿಕೆ’ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನಿಜ ತಿರುವುಮುರುವು. ಕೊರೆಯುವ ಚಳಿಯಲ್ಲಿ ತುಕ್ಕು ನಿಧಾನ. ಬಿಸಿ ಏರಿದಂತೆ ಅದರ ವೇಗವೂ ಏರುತ್ತದೆ. ಊರಲ್ಲಿ ಮಳೆಗಾಲದಲ್ಲಿ ಭರಣಿಯ ಉಪ್ಪು ತಾನಾಗಿ ಒದ್ದೆಯಾಗುತ್ತದೆ ಅಲ್ವಾ, ಕಾರಿನ ಅಡಿಯ ಉಪ್ಪೂ ಹಾಗೇ. ಗಾಳಿಯ ತೇವ ಶೇಕಡಾ 75ರ ಹತ್ತಿರ ಬಂದರೆ ಸಾಕು, ನೀರು ಎಳೆದುಕೊಳ್ಳುತ್ತದೆ. ಮೆಗ್ನೀಸಿಯಂ ಕ್ಲೋರೈಡ್‌ಗೆ ಅಷ್ಟು ತೇವವೂ ಬೇಡ. ಆ ಉಪ್ಪುನೀರು ಕಬ್ಬಿಣದ ಮೇಲೆ ಕೂತರೆ ಮಳೆ ಬರದಿದ್ದರೂ ತುಕ್ಕು ಹಿಡಿಯುತ್ತಲೇ ಇರುತ್ತದೆ. ಏಪ್ರಿಲ್, ಮೇ ತಿಂಗಳ ಹವೆ ಅದಕ್ಕೆ ಹೇಳಿ ಮಾಡಿಸಿದಂತಿದೆ.

ತೊಳೆಸುವುದು ಹೇಗೆ? ಕಾರ್ ವಾಶ್‌ಗೆ ಹೋಗಿ, ಕೆಳಗಿನಿಂದ ನೀರು ಹೊಡೆಯುವ ಪ್ಯಾಕೇಜನ್ನೇ ಕೇಳಿ. ಅಲ್ಲಿ ಕೆಳಗಿನಿಂದ ನೇರ ಮೇಲಕ್ಕೆ ಮಾತ್ರ ನೀರು ಬರುತ್ತದೆ, ಸಂದುಗೊಂದು ತಲುಪುವುದಿಲ್ಲ. ಹಾಗಾಗಿ ಅದಾದ ಮೇಲೆ ನಾಣ್ಯ ಹಾಕಿ ನಾವೇ ಪೈಪ್ ಹಿಡಿದು ತೊಳೆಯುವ ಜಾಗಕ್ಕೂ ಒಮ್ಮೆ ಹೋಗಿ. ಚಕ್ರದ ಮೇಲಿನ ಕಮಾನಿನ ಅಂಚು ಒಳಗೆ ಮಡಚಿಕೊಂಡಿರುತ್ತದೆ. ಕೈಗವಸು ಹಾಕಿಕೊಂಡು ಆ ಮಡಿಕೆಯಲ್ಲಿ ಬೆರಳಾಡಿಸಿ. ಕಂದು ಬಣ್ಣದ, ಮರಳು ಮರಳಾದ ಒದ್ದೆ ಕೆಸರು ಹಿಡಿಯಷ್ಟು ಬರುತ್ತದೆ. ಹಿಂದಿನ ಚಕ್ರಗಳ ಹತ್ತಿರ ಇನ್ನೂ ಜಾಸ್ತಿ. ಕಾರು ಕೊಳೆಯಲು ಶುರುವಾಗುವುದು ಸಾಮಾನ್ಯವಾಗಿ ಅಲ್ಲೇ. ಅದನ್ನು ಪೂರಾ ಕೆರೆದು, ಸ್ವಚ್ಛ ನೀರು ಬರುವ ತನಕ ಪೈಪ್ ಹಿಡಿಯಿರಿ. ಬಾಗಿಲುಗಳ ಕೆಳ ಅಂಚಲ್ಲಿ ನೀರು ಇಳಿದು ಹೋಗಲು ಚಿಕ್ಕ ತೂತುಗಳಿರುತ್ತವೆ. ಅವು ಕಟ್ಟಿಕೊಂಡಿದ್ದರೆ ಕಡ್ಡಿ ಹಾಕಿ ಬಿಡಿಸಿ.

ನಿಮಗೆ ಮನೆ ಮುಂದೆ ನಲ್ಲಿ ಇದ್ದರೆ ಇನ್ನೊಂದು ಉಪಾಯ: ಹುಲ್ಲಿಗೆ ನೀರು ಹಾಯಿಸುವ ಸ್ಪ್ರಿಂಕ್ಲರನ್ನು ಕಾರಿನ ಅಡಿ ಇಟ್ಟು ಅರ್ಧ ಗಂಟೆ ಬಿಡಿ. ಆಗಾಗ ಜಾಗ ಬದಲಿಸಿ. ರಾತ್ರಿ ನೀರು ಹೆಪ್ಪುಗಟ್ಟುವುದು ನಿಂತ ಮೇಲೆಯೇ ಹೊರಗಿನ ನಲ್ಲಿ ತಿರುಗಿಸಿ, ಮರೆಯಬೇಡಿ.

ತೊಳೆದು ಒಣಗಿದ ಮೇಲೆ ಟಾರ್ಚ್ ಹಿಡಿದು ಅಡಿಗೆ ಬಗ್ಗಿ ನೋಡಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಮಾತ್ರ ನುಗ್ಗಬೇಡಿ, ಪ್ರಾಣಕ್ಕೇ ಅಪಾಯ. ಮೇಲೆಮೇಲೆ ಕೆಂಪಗಾದ ತುಕ್ಕಿಗೆ ಗಾಬರಿ ಬೇಡ. ಇಲ್ಲಿನ ಹಳೇ ಕಾರುಗಳಲ್ಲಿ ಅದು ಇದ್ದೇ ಇರುತ್ತದೆ. ಪದರ ಪದರವಾಗಿ ಎದ್ದು ಉದುರುತ್ತಿದ್ದರೆ ಯೋಚನೆ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಬ್ರೇಕ್ ಪೈಪ್ ನೋಡಿ. ಮುಂದಿನಿಂದ ಹಿಂದಿನ ಚಕ್ರದವರೆಗೆ ಪೆನ್ಸಿಲ್‌ಗಿಂತ ಸಣ್ಣ ಉಕ್ಕಿನ ಪೈಪ್ ಹಾದುಹೋಗುತ್ತದೆ. ಅದು ಉಬ್ಬಿದ್ದರೆ, ಹೊಟ್ಟು ಬಿಡುತ್ತಿದ್ದರೆ ಅಥವಾ ಎಣ್ಣೆಯಂತೆ ಒದ್ದೆ ಕಂಡರೆ ತಕ್ಷಣ ಮೆಕ್ಯಾನಿಕ್‌ಗೆ ತೋರಿಸಿ. ಪೆಡಲ್ ಒತ್ತಿದಾಗ ಸುಮ್ನೆ ಕೆಳಗೆ ಇಳಿಯುತ್ತಿದ್ದರೆ ಕಾರನ್ನು ಓಡಿಸಿಕೊಂಡು ಹೋಗಬೇಡಿ, ಟೋ ಮಾಡಿಸಿ. ಮಿಷಿಗನ್‌ನಲ್ಲಿ ವರ್ಷಕ್ಕೊಮ್ಮೆ ಕಾರನ್ನು ತಪಾಸಣೆ ಮಾಡಿಸಲೇಬೇಕೆಂಬ ನಿಯಮವಿಲ್ಲ. ನೀವಾಗಿ ನೋಡದಿದ್ದರೆ ಯಾರೂ ನೋಡುವುದಿಲ್ಲ. ಇದು ನನಗೆ ಯಾವಾಗಲೂ ಚಿಂತೆಯ ವಿಷಯ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಇನ್ನು ಟೈರು. ವಿಂಟರ್ ಟೈರ್ ಹಾಕಿಸಿದ್ದರೆ ಯುಗಾದಿ ಬಂತು ಅಂತ ಅವಸರದಲ್ಲಿ ತೆಗೆಸಬೇಡಿ. ಇಲ್ಲಿ ಬೇವು ಬೆಲ್ಲ ತಿಂದು ಹೊರಗೆ ಬಂದರೆ ಹಿಮ ಬೀಳುತ್ತಿರುವುದೂ ಉಂಟು. ಬೆಳಗಿನ ಹೊತ್ತಿನ ತಾಪಮಾನ 45 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ನಿಲ್ಲುವ ತನಕ ಕಾಯಿರಿ. ಸಾಮಾನ್ಯವಾಗಿ ಏಪ್ರಿಲ್ ಅರ್ಧ ಕಳೆಯಬೇಕು. ಹಾಗಂತ ಬೇಸಿಗೆಯವರೆಗೂ ಬಿಡಬೇಡಿ, ಆ ಮೆತ್ತನೆ ರಬ್ಬರ್ ಬಿಸಿ ರಸ್ತೆಯಲ್ಲಿ ಬೇಗ ಸವೆಯುತ್ತದೆ. ಚಕ್ರ ಬದಲಿಸಿದ ಮೇಲೆ 50ರಿಂದ 100 ಮೈಲಿ ಓಡಿಸಿ ನಟ್‌ಗಳನ್ನು ಮತ್ತೊಮ್ಮೆ ಬಿಗಿ ನೋಡಿ.

ಗಾಳಿಯನ್ನೂ ನೋಡಿ. ತಾಪಮಾನ 10 ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ಟೈರಿನ ಒತ್ತಡ ಹೆಚ್ಚುಕಡಿಮೆ 1 ಪಿಎಸ್‌ಐ ಏರುತ್ತದೆ. ಜನವರಿಯಲ್ಲಿ 10 ಡಿಗ್ರಿ ಇದ್ದಾಗ 33 ತುಂಬಿಸಿದ್ದರೆ, ಏಪ್ರಿಲ್‌ನಲ್ಲಿ 60 ಡಿಗ್ರಿ ಆದಾಗ ಅದು 38ರ ಹತ್ತಿರ ಹೋಗಿರುತ್ತದೆ. ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದಲ್ಲಿ ಸ್ಟಿಕರ್ ಇದೆ. ಬೆಳಿಗ್ಗೆ ಕಾರು ಓಡಿಸುವ ಮೊದಲು ಅಲ್ಲಿರುವ ಅಂಕಿಗೆ ಸರಿಮಾಡಿ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅದನ್ನು ನೋಡಿ ತುಂಬಿಸಬೇಡಿ.

ಹಾಗೇ ಟೈರಿನ ಪಕ್ಕದ ಗೋಡೆಯ ಮೇಲೆ ಅಂಗೈ ಸವರಿ. ಇಲ್ಲಿನ ರಸ್ತೆಗುಂಡಿಗಳು ಗೊತ್ತೇ ಇದೆ. ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಮತ್ತೆ ಕರಗುತ್ತದೆ. ಕರಗಿದಾಗ ಟಾರಿನ ಕೆಳಗೆ ಪೊಳ್ಳು ಉಳಿಯುತ್ತದೆ. ಅದರ ಮೇಲೆ ಲಾರಿ ಹೋದರೆ ಕುಸಿಯುತ್ತದೆ. ಆ ಕಾರಣಕ್ಕೇ ಮಿಷಿಗನ್‌ನಲ್ಲಿ ನೆಲ ಕರಗುವ ಹೊತ್ತಿಗೆ ಲಾರಿಗಳ ಭಾರಕ್ಕೆ ಮಿತಿ ಹಾಕುತ್ತಾರೆ. ಅಂಥ ಗುಂಡಿಗೆ ಬಿದ್ದ ಟೈರಿನಲ್ಲಿ ಒಳಗಿನ ದಾರ ಹರಿದಿದ್ದರೆ ಪಕ್ಕದಲ್ಲಿ ನಿಂಬೆಗಾತ್ರದ ಉಬ್ಬು ಕೈಗೆ ಸಿಗುತ್ತದೆ. ಅದಕ್ಕೆ ಪಂಚರ್ ಹಾಕಿ ಉಪಯೋಗವಿಲ್ಲ, ಟೈರೇ ಬದಲಿಸಬೇಕು. ನೇರ ರಸ್ತೆಯಲ್ಲೂ ಕಾರು ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ ಅಲೈನ್‌ಮೆಂಟ್ ಮಾಡಿಸಿ. ಸ್ಟೇರಿಂಗ್ ನಡುಗುತ್ತಿದ್ದರೆ ರಿಮ್ ಸೊಟ್ಟಗಾಗಿದೆಯಾ, ಬ್ಯಾಲೆನ್ಸ್ ತಪ್ಪಿದೆಯಾ ನೋಡಿಸಿ.

ಬ್ಯಾಟರಿಯನ್ನು ಆಟೋ ಪಾರ್ಟ್ಸ್ ಅಂಗಡಿಗಳಲ್ಲಿ ಹೆಚ್ಚಾಗಿ ಪುಕ್ಕಟೆ ಪರೀಕ್ಷೆ ಮಾಡಿಕೊಡುತ್ತಾರೆ. ಟರ್ಮಿನಲ್ ಮೇಲೆ ಬಿಳಿ ಪುಡಿ ಕೂತಿದ್ದರೆ ಅಡುಗೆ ಸೋಡಾ ನೀರಲ್ಲಿ ಕಲಸಿ ಬ್ರಷ್‌ನಿಂದ ಉಜ್ಜಿ. ವೈಪರ್ ಮಂಜುಗಡ್ಡೆ ಕೆರೆದು ಸವೆದಿರುತ್ತದೆ, ಹೊಸದು ಹಾಕಿ. ಕಾಲಡಿಯ ಮ್ಯಾಟ್ ಎತ್ತಿ ನೋಡಿ. ಕೆಳಗಿನ ಕಾರ್ಪೆಟ್ ಒದ್ದೆ ಇದ್ದರೆ ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ. ಕಾರ್ಪೆಟ್ ಮೇಲಿನ ಉಪ್ಪಿನ ಬಿಳಿ ಕಲೆಗೆ ವಿನೆಗರ್ ಮತ್ತು ಬಿಸಿನೀರು ಸಮ ಸಮ ಹಾಕಿ ಒರೆಸಿ, ಬಾಗಿಲು ತೆಗೆದಿಟ್ಟು ಪೂರಾ ಒಣಗಿಸಿ.

ನಿಮ್ಮ ಪ್ಯಾಕೇಜ್ ವಿಷಯಕ್ಕೆ ಬರೋಣ. ಸ್ಪ್ರಿಂಗ್ ಬಂತೆಂದು ಇಂಜಿನ್ ಆಯಿಲ್ ಬದಲಿಸಬೇಕಿಲ್ಲ. ಈಗಿನ ಕಾರುಗಳಿಗೆ ಹೇಳಿರುವ 0ಡಬ್ಲ್ಯೂ-20 ಥರದ ಆಯಿಲ್ ವರ್ಷವಿಡೀ ನಡೆಯುತ್ತದೆ, ಮ್ಯಾನ್ಯುಯಲ್‌ನಲ್ಲಿರುವ ಮೈಲಿ ಮುಗಿದಿದ್ದರೆ ಬದಲಿಸಿ. ಇಂಜಿನ್ ಫ್ಲಶ್ (ಇಂಜಿನ್ ಒಳಗೆ ತೊಳೆಯುವುದು), ಟೈರಿಗೆ ನೈಟ್ರೋಜನ್, ಇವಕ್ಕೆ ದುಡ್ಡು ಹಾಕಬೇಡಿ. ಅಡಿಗೆ ಕಪ್ಪು ರಬ್ಬರ್ ಲೇಪನ ಮಾಡುತ್ತೇವೆ ಅಂದರೆ ಖಡಾಖಂಡಿತ ಬೇಡ ಅನ್ನಿ. ತುಕ್ಕು, ಉಪ್ಪಿನ ಮೇಲೇ ಅದನ್ನು ಬಳಿದರೆ ತೇವ ಒಳಗೇ ಸಿಕ್ಕಿಬಿದ್ದು, ಹೊರಗೆ ಚೆಂದ ಕಾಣುತ್ತಲೇ ಒಳಗೆ ಕೊಳೆಯುತ್ತದೆ. ಲೇಪನ ಬೇಕಿದ್ದರೆ ಅಕ್ಟೋಬರ್‌ನಲ್ಲಿ, ಕಾರು ತೊಳೆದು ಒಣಗಿಸಿ, ಲ್ಯಾನೋಲಿನ್ (ಕುರಿ ಉಣ್ಣೆಯ ಜಿಡ್ಡು) ಅಥವಾ ಎಣ್ಣೆ ಥರದ್ದನ್ನು ಹೊಡೆಸಿ. ಅದು ಗಟ್ಟಿಯಾಗದೆ ಸಂದಿಗೆ ಇಳಿಯುತ್ತದೆ, ವರ್ಷ ವರ್ಷ ಹೊಡೆಸಬೇಕು.

ಆ ದುಡ್ಡಲ್ಲಿ ಬ್ರೇಕ್ ತಪಾಸಣೆ ಮಾಡಿಸಿ. ಉಪ್ಪಿನಿಂದ, ಬ್ರೇಕ್ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಪಿನ್‌ಗಳು ಜಾಮ್ ಆಗಿ ಪ್ಯಾಡ್ ಒಂದೇ ಪಕ್ಕ ಸವೆಯುತ್ತದೆ. ಅವನ್ನು ಬಿಚ್ಚಿ, ಒರೆಸಿ, ಗ್ರೀಸ್ ಹಾಕಲು ಹೇಳಿ. ಕಾರನ್ನು ಲಿಫ್ಟ್ ಮೇಲೆ ಎತ್ತಿದಾಗ ಬ್ರೇಕ್ ಪೈಪಿನದೂ ಹಿಂದಿನ ಚಕ್ರದ ಕಮಾನಿನದೂ ಫೋಟೋ ತೆಗೆದು ಕಳಿಸಲು ಕೇಳಿ, ಎಷ್ಟೋ ಗ್ಯಾರೇಜ್‌ನವರು ಕಳಿಸುತ್ತಾರೆ. ಬೇಕಿದ್ದರೆ ಅದನ್ನು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.