ಹನ್ನೆರಡು ವರ್ಷ: ಯಾವ ಊರಿನ ಲೆಕ್ಕ?

ಪತ್ರ: "ಬೆಂಗಳೂರಿನ ಸಿಂಗಲ್ ಮಾಲ್ಟ್ (ಒಂದೇ ಭಟ್ಟಿಯಲ್ಲಿ, ಮೊಳಕೆ ಬಾರ್ಲಿಯಿಂದಷ್ಟೇ ಇಳಿಸಿದ ವಿಸ್ಕಿ) ಬಾಟಲಿಯ ಮೇಲೆ ವಯಸ್ಸೇ ಇಲ್ಲ. ವಿಚಾರಿಸಿದರೆ ನಾಲ್ಕೈದು ವರ್ಷದ್ದು ಎನ್ನುತ್ತಾರೆ. ಹೆಚ್ಚುಕಡಿಮೆ ಅದೇ ದುಡ್ಡಿಗೆ 12 ವರ್ಷದ ಸ್ಕಾಚ್ ಸಿಗುವಾಗ, ಈ ಎಳೆಯ ಸರಕನ್ನು ನಿಮ್ಮ ಪತ್ರಿಕೆ ಹೊಗಳುವುದು ಬರೀ ಊರಭಿಮಾನವಲ್ಲವೇ?"
– ಓದುಗರೊಬ್ಬರು, ಹುಬ್ಬಳ್ಳಿ

ಸಂ: ಅನೇಕರು ಮನಸ್ಸಿನಲ್ಲೇ ಇಟ್ಟುಕೊಂಡದ್ದನ್ನು ನೀವು ನೇರವಾಗಿ ಕೇಳಿದ್ದೀರಿ, ಸಂತೋಷ. ಸ್ಕಾಚಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಕನಿಷ್ಠ 3 ವರ್ಷ, 700 ಲೀಟರ್ ಮೀರದ ಓಕ್ ಪೀಪಾಯಿ, ಲೇಬಲ್ಲಿನ ವಯಸ್ಸು ಬಾಟಲಿಯೊಳಗಿನ ಅತಿ ಎಳೆಯ ವಿಸ್ಕಿಯದ್ದೇ ಆಗಿರಬೇಕು ಎಂಬ ಅವರ ಕಟ್ಟುನಿಟ್ಟು ದೊಡ್ಡದು. ಗಾಳಿಯೊಡನೆ ನಿಧಾನವಾಗಿ ಬೆರೆತು ಬರುವ ಹದವನ್ನು ಬಿಸಿಲು ಬೇಗ ತಂದುಕೊಡಲಾರದು, ಅದೂ ನಿಜ.

ಆದರೆ ಆ 12 ಎಂಬ ಅಂಕಿ ಸ್ಕಾಟ್ಲೆಂಡಿನ ಚಳಿಯಲ್ಲಿ ಎಣಿಸಿದ್ದು. ಅದನ್ನೇ, ನೀವು ಹೇಳುವ ಮಾಲ್ಟ್ ತಯಾರಿಸುವ ಅಮೃತ್‌ನವರ ಭಟ್ಟಿಯಿರುವ ಮೈಸೂರು ರಸ್ತೆಯ ಕಂಬೀಪುರಕ್ಕೆ ತಂದು ಅಳತೆಗೋಲು ಮಾಡುವುದು ಹೇಗೆ?

ಲೆಕ್ಕ ಹಾಕಿ ನೋಡಿ. 200 ಲೀಟರಿನ ಪೀಪಾಯಿ ತುಂಬಿಟ್ಟರೆ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇ. 2ರಷ್ಟು ಆವಿಯಾಗುತ್ತದೆ, ಇದನ್ನು ಅವರು 'ದೇವತೆಗಳ ಪಾಲು' ಎನ್ನುತ್ತಾರೆ. 12 ವರ್ಷದ ಮೇಲೂ ಸುಮಾರು 157 ಲೀಟರ್ ಉಳಿಯುತ್ತದೆ. ಸಮುದ್ರ ಮಟ್ಟದಿಂದ ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಲ್ಲಿ ಆ ಪಾಲು ಶೇ. 10ರಿಂದ 12. ಶೇ. 11 ಎಂದು ಹಿಡಿದರೆ 4 ವರ್ಷಕ್ಕೆ 125 ಲೀಟರ್, 8 ವರ್ಷಕ್ಕೆ 79, 12 ವರ್ಷಕ್ಕೆ ಬರೀ 49. ಅಮೃತ್‌ನವರು 2013ರಲ್ಲಿ 8 ವರ್ಷದ್ದೊಂದನ್ನು ಹೊರತಂದಾಗ 'ಗ್ರೀಡಿ ಏಂಜೆಲ್ಸ್', ಅಂದರೆ ಆಸೆಬುರುಕ ದೇವತೆಗಳು ಎಂದು ಹೆಸರಿಟ್ಟದ್ದು ಇದಕ್ಕೇ.

ನಷ್ಟಕ್ಕಿಂತ ದೊಡ್ಡ ಕಷ್ಟ ಮರದ್ದು. ಕಾವೇರಿದಾಗ ವಿಸ್ಕಿ ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ; ತಂಪಾದಾಗ ಕುಗ್ಗಿ ಹೊರಬರುತ್ತದೆ. ಬರುವಾಗ ಬಣ್ಣ, ವೆನಿಲಾದ ಪರಿಮಳ, ಒಗರು ಎಲ್ಲವನ್ನೂ ಹೊತ್ತು ತರುತ್ತದೆ. ಹೊಸ ಓಕ್ ಪೀಪಾಯಿಯಲ್ಲಿ ಇಲ್ಲಿ ಹೆಚ್ಚು ಕಾಲ ಬಿಟ್ಟರೆ ಒಗರು ಬಾರ್ಲಿಯ ಸಿಹಿಯನ್ನು ನುಂಗಿಬಿಡುತ್ತದೆ. ಡಿಕಾಕ್ಷನ್ ಪುಡಿಯನ್ನು ಕುದಿಸುತ್ತಲೇ ಹೋದ ಹಾಗೆ. ಅದಕ್ಕಾಗಿಯೇ ಬಿಸಿ ಸೀಮೆಯಲ್ಲಿ ಒಮ್ಮೆ ಅಮೆರಿಕದ ಬೂರ್ಬನ್ ವಿಸ್ಕಿ ತುಂಬಿ ಕಸುವು ಇಳಿದ ಪೀಪಾಯಿಗಳಿಗೆ ಬೆಲೆ. ಮತ್ತೆ ಮತ್ತೆ ರುಚಿ ನೋಡಿ, ಮರ ಮುಂದಾಗುತ್ತಿದೆ ಅನ್ನಿಸಿದ ಕೂಡಲೇ ಹಳೆಯ ಪೀಪಾಯಿಗೆ ಬದಲಿಸುವುದೋ ಬಾಟಲಿಗೆ ಇಳಿಸುವುದೋ ಮಾಡಬೇಕು. ನೀವು 'ಎಳೆಯದು' ಎಂದ ನಾಲ್ಕೈದು ವರ್ಷ, ಸರಿಯಾದ ಹೊತ್ತಿಗೆ ಒಲೆಯಿಂದ ಇಳಿಸಿದ ಪಾಕ.

ತೈವಾನಿನ ಕವಲಾನ್ ವಿಸ್ಕಿಯೂ ಇದೇ ದಾರಿಯದ್ದು. 2006ರ ಮಾರ್ಚಿನಲ್ಲಿ ಅಲ್ಲಿ ಮೊದಲ ಭಟ್ಟಿ ಇಳಿಯಿತು. 2010ರ ಜನವರಿಯಲ್ಲಿ, ಎಡಿನ್‌ಬರಾದ ಲೀತ್‌ನಲ್ಲಿ, ಹೆಸರು ಮುಚ್ಚಿಟ್ಟು ರುಚಿ ನೋಡಿದವರು ಸ್ಕಾಚ್‌ಗಳನ್ನು ಬಿಟ್ಟು ಅದನ್ನೇ ಮೇಲಿಟ್ಟರು. ಕವಲಾನ್‌ನವರಿಗೆ ಸಲಹೆಗಾರರಾಗಿದ್ದ ಜಿಮ್ ಸ್ವಾನ್ ಹಳೆಯ ವೈನ್ ಪೀಪಾಯಿಯ ಒಳಮೈ ಕೆತ್ತಿಸಿ, ಹದವಾಗಿ ಹುರಿಸಿ, ಮತ್ತೆ ಸುಡಿಸಿದರು. ಕೆತ್ತದಿದ್ದರೆ ಮರ ಕುಡಿದ ವೈನಿನ ಹುಳಿ ವಿಸ್ಕಿಗೆ ಬರುತ್ತದೆ. ಅಂಥ ಪೀಪಾಯಿಯಲ್ಲಿ ಮಾಗಿದ್ದಕ್ಕೇ 2015ರಲ್ಲಿ ಜಗತ್ತಿನ ಅತ್ಯುತ್ತಮ ಸಿಂಗಲ್ ಮಾಲ್ಟ್ ಎಂಬ ಪ್ರಶಸ್ತಿ ಬಂತು.

ನಮ್ಮ ಕಥೆ ಮನಸ್ಸಿಗೆ ನೋವು ತರುವಂಥದ್ದು. ಬೆಂಗಳೂರಿನ ಈ ಮಾಲ್ಟ್ 2004ರಲ್ಲಿ ಮೊದಲು ಮಾರಾಟಕ್ಕೆ ಹೋದದ್ದು ಗ್ಲಾಸ್ಗೋಗೆ. ವಿಸ್ಕಿ ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ಕೈಪಿಡಿಯಲ್ಲಿ ಅಮೃತ್ ಫ್ಯೂಷನ್‌ಗೆ 100ಕ್ಕೆ 97 ಕೊಟ್ಟು ಜಗತ್ತಿನಲ್ಲೇ ಮೂರನೆಯದು ಎಂದರು. ಹೊರಗಿನವರು ಬೆನ್ನು ತಟ್ಟುವವರೆಗೆ ಮಗ್ಗುಲಲ್ಲಿದ್ದದ್ದು ನಮಗೆ ಕಾಣಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಬಾರ್ಲಿಯಿಂದ ಮಾಡಿದ ಈ ಬಾಟಲಿಗೆ ವಯಸ್ಸು ಕೇಳುವ ನಾವು, ದಿನನಿತ್ಯ ಖರ್ಚಾಗುವ ದೇಶೀ 'ವಿಸ್ಕಿ'ಗೆ ಧಾನ್ಯದ್ದೋ ಕಾಕಂಬಿಯದ್ದೋ ಎಂದು ಕೇಳುವುದಿಲ್ಲ. ಕಾಕಂಬಿಯ ಸ್ಪಿರಿಟ್ ಬೆರೆಸಿದ್ದನ್ನು ಐರೋಪ್ಯ ಒಕ್ಕೂಟದಲ್ಲಿ ವಿಸ್ಕಿ ಎಂದು ಮಾರುವಂತಿಲ್ಲ. ಇಲ್ಲಿ ಅದು ಗತ್ತಿನಿಂದ ಕಪಾಟಿನಲ್ಲಿ ಕೂತಿದೆ. ನಿಮ್ಮಂಥ ಜಾಣ ಓದುಗರ ಸಿಟ್ಟು ಅತ್ತ ತಿರುಗಲಿ. ಪೀಪಾಯಿಗೆ ತುಂಬಿದ ತಿಂಗಳು, ಬಾಟಲಿಗೆ ಇಳಿಸಿದ ತಿಂಗಳು, ಪೀಪಾಯಿಯ ಜಾತಿ, ಕಚ್ಚಾ ಸರಕು, ಈ ನಾಲ್ಕನ್ನು ಲೇಬಲ್ಲಿನ ಮೇಲೆ ಅಚ್ಚು ಹಾಕಿ ಎಂದು ಕೇಳೋಣ. ಕಂಬೀಪುರದವರನ್ನೂ ಕೇಳೋಣ.

ಅಷ್ಟರೊಳಗೆ ಒಂದು ಪರೀಕ್ಷೆ ಮಾಡಿ. ಫ್ಯೂಷನ್‌ನಲ್ಲಿ ಆಲ್ಕೋಹಾಲ್ ಶೇ. 50. ಅದನ್ನು 25 ಎಂ.ಎಲ್. ತೆಗೆದುಕೊಂಡು 4 ಎಂ.ಎಲ್. ನೀರು, ಅಂದರೆ ಒಂದು ಟೀ ಚಮಚಕ್ಕೆ ತುಸು ಕಡಿಮೆ, ಬೆರೆಸಿ, ಆಗ ಶೇ. 43ರ ಸ್ಕಾಚಿಗೆ ಸಮ. ಇದನ್ನು ಮಾಡದೆ ಕುಡಿದವರೇ ಆಲ್ಕೋಹಾಲಿನ ಉರಿಯನ್ನು ಎಳೆತನ ಎಂದುಕೊಳ್ಳುವುದು. ಬಾಯಿ ಕಿರಿದಾದ ಎರಡು ಲೋಟ, ಒಂದಕ್ಕೆ ಇದು, ಇನ್ನೊಂದಕ್ಕೆ ನಿಮ್ಮ 12 ವರ್ಷದ ಸ್ಕಾಚ್; ಐಸ್ ಬೇಡ, ಸೋಡಾ ಬೇಡ. ಸುರಿಯುವ ಕೆಲಸ ಮನೆಯ ಬೇರೆಯವರದ್ದಾಗಲಿ, ಯಾವುದು ಯಾವುದೆಂದು ನಿಮಗೆ ಗೊತ್ತಾಗಬಾರದು. ಮೂಗಿಗೆ ಹಸಿ ಹಿಟ್ಟಿನ ವಾಸನೆ ಹೊಡೆದರೆ ಎಳೆಯದು. ಹಸಿ ಅಡಿಕೆ ಅಗಿದಂತೆ ನಾಲಿಗೆ ಒಣಗಿದರೆ ಮರ ಅತಿಯಾದದ್ದು. ಎರಡೂ ದೋಷ ಯಾವ ಲೋಟದಲ್ಲಿ ಎಷ್ಟಿತ್ತೆಂದು ಬರೆದಿಟ್ಟುಕೊಂಡು, ಆಮೇಲೆ ಬಾಟಲಿ ನೋಡಿ, ನಮಗೊಂದು ಕಾಗದ ಹಾಕಿ. ಏನೇ ಬರೆದರೂ ಅಚ್ಚು ಮಾಡುತ್ತೇವೆ.