ವಯಸ್ಸಿನ ಬದಲು ದಿನಚರಿ ನೋಡಿ

ನಮಸ್ಕಾರ. ದಾವಣಗೆರೆಯಲ್ಲಿ ಬಿಪಿ ತಪಾಸಣೆಗೆ ವಯಸ್ಸಿನ ಪ್ರಕಾರ ಬೇರೆ ಬೇರೆ ಕರಪತ್ರ ಹಂಚಿದರೂ ಜನ ಬರುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ವಯಸ್ಸು ಬಿಡಿ. ಜನರ ದಿನ ಹೇಗೆ ಸಾಗುತ್ತದೆ, ಅವರು ಯಾರ ಮಾತು ನಂಬುತ್ತಾರೆ ಎಂದು ನೋಡಿ ಗುಂಪು ಮಾಡಿ. ಅಮೆರಿಕದಲ್ಲಿ 1995ರಲ್ಲಿ ಶುರುವಾದ ಹೆಲ್ತ್‌ಸ್ಟೈಲ್ಸ್ ಸಮೀಕ್ಷೆಯೂ ಜನರ ಆರೋಗ್ಯದ ರೂಢಿ, ನಂಬಿಕೆಗಳನ್ನೇ ಕೇಳುತ್ತಿತ್ತು.

ನಲವತ್ತೈದು ವರ್ಷದ ಇಬ್ಬರನ್ನು ತಗೊಳ್ಳಿ. ಒಬ್ಬರು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು, ಇನ್ನೊಬ್ಬರು ಬ್ಯಾಂಕ್ ನೌಕರರು. ಇಡೀ ದಿನ ಬೆಂಕಿ ಮುಂದೆ ಬೆವರು ಸುರಿಸುವವರಿಗೆ ‘ದಿನಾ ವಾಕಿಂಗ್ ಮಾಡಿ’ ಅಂದರೆ ಸಿಟ್ಟು ಬರುವುದು ಸಹಜ, ಅಲ್ವಾ? ಆಸ್ಪತ್ರೆಗೆ ಹೋದರೆ ಅವರಿಗೆ ಅಂದಿನ ಕೂಲಿ ತಪ್ಪುತ್ತದೆ. ಅದಕ್ಕೇ ಬಿಪಿ ಮಶಿನ್ ಭಟ್ಟಿಯ ಹತ್ತಿರಕ್ಕೇ ಹೋಗಬೇಕು, ಕೆಲಸ ಮುಗಿಯುವ ಹೊತ್ತಿಗೆ. ಅಳೆಯುವ ಮುಂಚೆ ಐದು ನಿಮಿಷ ಸುಮ್ನೆ ಕೂರಿಸಿ, ಇಲ್ಲದಿದ್ದರೆ ರೀಡಿಂಗ್ ಜಾಸ್ತಿ ಬರಬಹುದು. ಬ್ಯಾಂಕಿನವರಿಗೆ ವಾಟ್ಸಾಪ್ ಸಂದೇಶದಿಂದ ಶುರು ಮಾಡಿದರೂ ನಡೆಯುತ್ತದೆ.

ಉಪ್ಪಿನ ಮಾತು ಮಾತ್ರ ಅಡುಗೆ ಮಾಡುವವರ ಜೊತೆ ಆಡಿ. ಸ್ತ್ರೀಶಕ್ತಿ ಸಂಘದ ಸಭೆ ಇದಕ್ಕೆ ಒಳ್ಳೆಯ ಜಾಗ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ, ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಎಲ್ಲಾ ಸೇರಿ! ಚಮಚ ತೋರಿಸಿಯೇ ಹೇಳಿ.

ಚನ್ನಗಿರಿ ಕಡೆ ಹೋಗುವುದಾದರೆ ಅಡಿಕೆ ಕೊಯ್ಲಿನ ಸಮಯ ಬೇಡ, ಯಾರಿಗೂ ಪುರಸೊತ್ತು ಇರುವುದಿಲ್ಲ.

ಗುಂಪುಗಳು ಮೂರ್ನಾಲ್ಕು ಇದ್ದರೆ ಸಾಕು. ದಯವಿಟ್ಟು ಜಾತಿ, ಕೇರಿ ನೋಡಿ ವಿಂಗಡಿಸಬೇಡಿ, ಜನರಿಗೆ ನೋವಾಗುತ್ತದೆ. ಯಾವ ಮನೆಯವರು ಎಷ್ಟೊತ್ತಿಗೆ ಸಿಗುತ್ತಾರೆ ಎಂದು ಆಶಾ ಕಾರ್ಯಕರ್ತೆಯರಿಗೆ ಚೆನ್ನಾಗಿ ಗೊತ್ತಿರುತ್ತದೆ. ಮುಂದಿನ ಕರಪತ್ರ ಅಚ್ಚಿಗೆ ಕೊಡುವ ಮೊದಲು ಅವರ ಜೊತೆ ಕೂತು ಮಾತಾಡಿ.